‘ಇಲ್ಲ’ ಬೇರೆ, ‘ಸಿಗಲಿಲ್ಲ’ ಬೇರೆ

ಡೆಮೊಗೆ ಮುಂಚೆ ಜೂನಿಯರ್‌ಗಳು ತಮ್ಮ ಫ್ಲಟರ್ ಆ್ಯಪ್ ತಂದು ತೋರಿಸುತ್ತಾರೆ. ನಾನು ಮೊದಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕುತ್ತೇನೆ. ಕಾಲೇಜು ವೈಫೈನಲ್ಲಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಆ್ಯಪ್‌ಗಳು ಅಲ್ಲೇ ಮುಗ್ಗರಿಸುತ್ತವೆ.

ಈ ತೊಂದರೆ ಹಳೆಯದು. ಮೌಲ್ಯವೇ ಇಲ್ಲ ಎನ್ನುವುದಕ್ಕೆ ‘ನಲ್’ ಎನ್ನುತ್ತೇವೆ. 1965ರಲ್ಲಿ ನಲ್ ರೆಫರೆನ್ಸ್ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಕರೆದರು. ಫ್ಲಟರ್ ಬಳಸುವ ಡಾರ್ಟ್ ಭಾಷೆ 2021ರಲ್ಲಿ ಇದಕ್ಕೆ ಬೇಲಿ ಹಾಕಿತು. ಖಾಲಿ ಇರಬಹುದಾದ ಟೈಪ್‌ನ ಕೊನೆಗೆ ‘?’ ಇರಲೇಬೇಕು. ಪರೀಕ್ಷಿಸದೆ ಬಳಸಲು ಹೋದರೆ ಕಂಪೈಲರ್ ಬಿಡುವುದಿಲ್ಲ.

ಬೇಲಿ ಹಾರುವ ದಾರಿಯೂ ಇದೆ. ‘!’ ಹಾಕಿದರೆ ಕೆಂಪು ಗೆರೆ ಮಾಯ. ‘ಇದು ಖಾಲಿ ಇರಲ್ಲ, ನನ್ನ ನಂಬು’ ಎಂದು ಕಂಪೈಲರ್‌ಗೆ ಮಾತು ಕೊಟ್ಟಂತೆ. ಮಾತು ತಪ್ಪಿದರೆ ಎಕ್ಸೆಪ್ಷನ್ ಬರುವುದು ಬಳಕೆದಾರರ ಕೈಯಲ್ಲಿ.

‘??’ ಇನ್ನೂ ಮೋಸದ್ದು. ಸ್ಕಾಲರ್‌ಶಿಪ್ ಮೊತ್ತ ತೋರಿಸುವ ಆ್ಯಪ್ ಎಂದುಕೊಳ್ಳಿ. ಸರ್ವರ್ ಕೈಕೊಟ್ಟಾಗ ಸುಮ್ಮನೆ ನಲ್ ಹಿಂದಿರುಗಿಸಿ, ಪರದೆಯ ಕೋಡ್‌ನಲ್ಲಿ ‘?? 0’ ಬರೆದರೆ ‘₹0’ ಕಾಣುತ್ತದೆ. ಫೀಸು ಕಟ್ಟಲು ಅದನ್ನೇ ಕಾಯುತ್ತಿರುವ ಹುಡುಗಿ ದುಡ್ಡೇ ಬಂದಿಲ್ಲ ಎಂದು ನಂಬುತ್ತಾಳೆ. ಆ್ಯಪ್ ಕ್ರ್ಯಾಶ್ ಆಗಲಿಲ್ಲ ನಿಜ, ಆದರೆ ಸುಳ್ಳು ಹೇಳಿತು.

ಸರ್ವರ್‌ಗೆ ಕೋರಿಕೆ ಕಳಿಸಿದಾಗ ಮೊದಲು ಸಿಗುವುದು ‘ಫ್ಯೂಚರ್’. ದರ್ಶಿನಿಯ ಟೋಕನ್ ಇದ್ದಂತೆ, ತಿಂಡಿ ಆಮೇಲೆ. ‘ಟ್ರೈ’ ಒಳಗೆ ‘ಅವೇಟ್’ ಬರೆಯದಿದ್ದರೆ ದೋಷ ಬರುವ ಹೊತ್ತಿಗೆ ‘ಕ್ಯಾಚ್’ ದಾಟಿ ಹೋಗಿರುತ್ತೇವೆ, ಹಿಡಿಯುವವರೇ ಇಲ್ಲ. ಡಾರ್ಟ್‌ನ ಎಚ್‌ಟಿಟಿಪಿ ಪ್ಯಾಕೇಜ್ 404, 500 ಬಂದರೂ ಎಕ್ಸೆಪ್ಷನ್ ಎಸೆಯುವುದಿಲ್ಲ. ಸ್ಟೇಟಸ್ ಕೋಡ್ ನಾವೇ ನೋಡಬೇಕು. ‘ಟೈಮ್‌ಔಟ್’ ಇಡದಿದ್ದರೆ ನಿಧಾನದ ನೆಟ್‌ವರ್ಕ್‌ನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಉತ್ತರ ಬರುವಷ್ಟರಲ್ಲಿ ಬಳಕೆದಾರರು ಪುಟ ಬಿಟ್ಟಿರಬಹುದು, ಹಾಗಾಗಿ ‘ಸೆಟ್‌ಸ್ಟೇಟ್’ಗೆ ಮುನ್ನ ‘ಮೌಂಟೆಡ್’ ಪರೀಕ್ಷಿಸಿ.

ಪ್ರತಿ ಪರದೆಗೂ ನಾಲ್ಕು ಸ್ಥಿತಿ ಬರೆಯಿರಿ ಎನ್ನುತ್ತೇನೆ ನಾನು: ಬರುತ್ತಿದೆ, ಬಂತು, ಏನೂ ಇಲ್ಲ, ಸಿಗಲಿಲ್ಲ. ಕೊನೆಯದರ ಜೊತೆ ‘ಮತ್ತೆ ಪ್ರಯತ್ನಿಸಿ’ ಬಟನ್ ಇರಲಿ. ಸಂದರ್ಶನದಲ್ಲಿ ‘ನೆಟ್ ಹೋದರೆ ನಿಮ್ಮ ಆ್ಯಪ್ ಏನು ಮಾಡುತ್ತದೆ?’ ಎಂದು ಕೇಳಿದರೆ, ಫೋನ್ ಕೊಟ್ಟು ನೀವೇ ನೋಡಿ ಸರ್ ಎನ್ನಬಹುದು.