ಪೊಲೀಸ್ ನಾಯಿಗೆ ಆಟಗಾರನ ದತ್ತಿ

2014ರ ಜನವರಿ 28ರ ರಾತ್ರಿ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ತಲೆತಪ್ಪಿಸಿಕೊಂಡಿದ್ದ ಆರೋಪಿಯೊಬ್ಬನನ್ನು ಹುಡುಕುತ್ತ ಪೊಲೀಸರು ಒಂದು ಕಟ್ಟಡದ ನೆಲಮಾಳಿಗೆಗೆ ಇಳಿದರು. ಅವರ ಜೊತೆಯಲ್ಲಿ ರಾಕೊ ಇತ್ತು. ಅದು ಎಂಟು ವರ್ಷ ವಯಸ್ಸಿನ ಜರ್ಮನ್ ಷೆಫರ್ಡ್ ನಾಯಿ. ಸಿಕ್ಕಿಬೀಳುವ ಹೊತ್ತಿನಲ್ಲಿ ಆರೋಪಿ ಚಾಕು ಬೀಸಿದ. ಇರಿತ ರಾಕೊಗೆ ಆಳವಾಗಿ ನಾಟಿತು. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು, ರಕ್ತ ಕೊಟ್ಟರು. ಎರಡು ದಿನಗಳ ನಂತರ, ಜನವರಿ 30ರಂದು ರಾಕೊ ಸತ್ತಿತು.

ಮುಂದೆ ನಡೆದದ್ದನ್ನು ನೋಡಿ ಹೊರಗಿನವರು ಬೆರಗಾಗಿರಬಹುದು. ಯುದ್ಧದಲ್ಲಿ ಹೋರಾಡಿದ ಸೈನಿಕರ ಗೌರವಕ್ಕೆ ಕಟ್ಟಿದ ಭವನದಲ್ಲಿ ರಾಕೊಗೆ ಅಂತಿಮ ನಮನ ಸಲ್ಲಿಸಲಾಯಿತು. ಸಾವಿರಕ್ಕೂ ಹೆಚ್ಚು ಜನ ಸೇರಿದರು. ದೂರದ ಊರುಗಳ ಪೊಲೀಸರು ತಮ್ಮ ತಮ್ಮ ನಾಯಿಗಳೊಂದಿಗೆ ಬಂದು ಸಾಲಾಗಿ ನಿಂತರು. ಅದೇ ವರ್ಷ ಪೆನ್ಸಿಲ್ವೇನಿಯಾ ರಾಜ್ಯ ತನ್ನ ಕಾನೂನನ್ನು ಬಿಗಿ ಮಾಡಿತು. ಪೊಲೀಸ್ ಪ್ರಾಣಿಯನ್ನು ಕೊಂದವನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ, 25,000 ಡಾಲರ್‌ವರೆಗೆ ದಂಡ. ಆ ಕಾನೂನನ್ನು ಜನ ಇಂದಿಗೂ ರಾಕೊನ ಹೆಸರಿನಿಂದಲೇ ಕರೆಯುತ್ತಾರೆ.

ಸತ್ತ ನಾಯಿಗೆ ಇಷ್ಟು ಗೌರವ ದೊರೆಯಿತು, ಸರಿ. ಆದರೆ ಬದುಕಿರುವ ಪೊಲೀಸ್ ನಾಯಿಯ ಮೈಗೊಂದು ಕವಚ, ಬೇಸಗೆಯಲ್ಲಿ ತಂಪಾದ ವಾಹನ, ವಯಸ್ಸಾದಾಗ ಔಷಧ, ಇವನ್ನೆಲ್ಲ ಕೊಡುವವರು ಯಾರು? ಈ ಪ್ರಶ್ನೆಗೆ ಒಂದು ಉತ್ತರ ಅದೇ ಪಿಟ್ಸ್‌ಬರ್ಗ್‌ನಲ್ಲಿ ಉಂಟು. ಉತ್ತರ ಕೊಟ್ಟವನು ಸರ್ಕಾರಿ ಅಧಿಕಾರಿಯಲ್ಲ, ಒಬ್ಬ ಫುಟ್‌ಬಾಲ್ ಆಟಗಾರ.

ಕಪ್ಪು-ಹಳದಿ ಅಂಗಿಯ ಬೆನ್

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅದರಲ್ಲಿ ಚೆಂಡು ಮೊಟ್ಟೆಯಾಕಾರದ್ದು, ಆಟಗಾರರ ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಮೆತ್ತೆ. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಪಕ್ಷಕ್ಕೆ ಹನ್ನೊಂದು ಜನ. ಅವರಲ್ಲಿ ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ತಂಡದ ಮಿದುಳು ಅವನೇ. ಎದುರಾಳಿಗಳೆಲ್ಲ ಕೆಡವಲು ನುಗ್ಗುವುದೂ ಅವನ ಮೇಲೆಯೇ.

ಬೆನ್ ರಾಥ್ಲಿಸ್‌ಬರ್ಗರ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಹದಿನೆಂಟು ಋತುಗಳ ಕಾಲ ಈ ಸ್ಥಾನದಲ್ಲಿ ಆಡಿದ. 1982ರಲ್ಲಿ ಒಹಾಯೊ ರಾಜ್ಯದಲ್ಲಿ ಹುಟ್ಟಿದ ಆತ ಬೆಳೆದದ್ದು ಫಿಂಡ್ಲೆ ಎಂಬ ಸಣ್ಣ ಪಟ್ಟಣದಲ್ಲಿ. ಆರೂವರೆ ಅಡಿಗೆ ಒಂದೇ ಅಂಗುಲ ಕಡಿಮೆ ಎತ್ತರದ ಈ ಆಳನ್ನು ಅಭಿಮಾನಿಗಳು ‘ಬಿಗ್ ಬೆನ್’ ಎಂದೇ ಕರೆದರು. 2004ರಲ್ಲಿ ತಂಡ ಸೇರಿದ. 2006ರ ಫೆಬ್ರವರಿಯಲ್ಲಿ, 23ನೇ ವಯಸ್ಸಿನಲ್ಲೇ, ಅಮೆರಿಕದ ಅತಿ ದೊಡ್ಡ ಕ್ರೀಡಾ ಉತ್ಸವವಾದ ಸೂಪರ್ ಬೌಲ್ ಗೆದ್ದ. ಕ್ವಾರ್ಟರ್‌ಬ್ಯಾಕ್‌ಗಳ ಪೈಕಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಗೆದ್ದವರು ಅದುವರೆಗೆ ಬೇರೆ ಯಾರೂ ಇರಲಿಲ್ಲ. 2009ರಲ್ಲಿ ಇನ್ನೊಮ್ಮೆ ಗೆದ್ದ. 2022ರ ಜನವರಿಯಲ್ಲಿ ನಿವೃತ್ತನಾದ.

ಹೆಸರು, ಹಣ ಎರಡೂ ಬಂದ ಅಮೆರಿಕನ್ ಆಟಗಾರರು ದತ್ತಿಸಂಸ್ಥೆ ಸ್ಥಾಪಿಸುವುದು ಅಲ್ಲಿ ವಾಡಿಕೆ. ಮಕ್ಕಳ ಆಸ್ಪತ್ರೆ, ಶಾಲೆ, ಕ್ಯಾನ್ಸರ್ ಸಂಶೋಧನೆ ಇವು ಸಾಮಾನ್ಯ ಆಯ್ಕೆಗಳು. ಬೆನ್ ಮುಖ್ಯವಾಗಿ ಆರಿಸಿಕೊಂಡದ್ದು ಪೊಲೀಸ್ ಹಾಗೂ ಅಗ್ನಿಶಾಮಕ ಇಲಾಖೆಗಳ ನಾಯಿಗಳನ್ನು. ಅದಕ್ಕೆ ಕಾರಣ ಆತನ ಊರಿನಲ್ಲೇ ಇತ್ತು. ಫಿಂಡ್ಲೆ ಪೊಲೀಸರ ‘ಫ್ಲಿಪ್’ ಎಂಬ ನಾಯಿ ಗುಂಡೇಟಿಗೆ ಬಲಿಯಾಯಿತು. ಸಣ್ಣ ಊರಿನ ಇಲಾಖೆಗೆ ಅದು ಸಣ್ಣ ನಷ್ಟವಾಗಿರಲಿಲ್ಲ. ಆಗಷ್ಟೇ ಪ್ರಸಿದ್ಧಿಗೆ ಬರುತ್ತಿದ್ದ ಊರಿನ ಹುಡುಗ ನೆರವಿಗೆ ಬಂದ. ಆತನ ಹೆಸರಿನ ಪ್ರತಿಷ್ಠಾನ ಬೇರೂರಿದ್ದು ಹೀಗೆ.

ಪ್ರತಿಷ್ಠಾನದ ಹಂಚಿಕೆಯ ಕ್ರಮ ಸ್ವಾರಸ್ಯವಾಗಿತ್ತು. ಆಟದ ಋತು ಬಂತೆಂದರೆ ಪಿಟ್ಸ್‌ಬರ್ಗ್ ಸುತ್ತಮುತ್ತಲ ಇಲಾಖೆಗಳಿಗೆ ನೆರವು ಸಲ್ಲುತ್ತಿತ್ತು. ಅದರ ಜೊತೆಗೆ, ಸ್ಟೀಲರ್ಸ್ ತಂಡ ಹೊರಗಿನ ಯಾವ ಯಾವ ಊರಿಗೆ ಆಡಲು ಹೋಗುತ್ತಿತ್ತೋ ಆಯಾ ಪ್ರದೇಶದ ಶ್ವಾನದಳಗಳಿಗೂ ಹಣ ಹೋಗುತ್ತಿತ್ತು. ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ ತಂಡಗಳು ಸ್ಟೀಲರ್ಸ್‌ಗೆ ಬದ್ಧ ವೈರಿಗಳು. ಪ್ರತಿ ವರ್ಷವೂ ಅವರ ನೆಲಕ್ಕೆ ಹೋಗಿ ಆಡಲೇಬೇಕು. ಭಾನುವಾರ ಎದುರಾಳಿ ಊರಿನ ಜನರಿಂದ ಹೀಯಾಳಿಕೆ ಕೇಳುವ ಆಟಗಾರ ಆ ಕಡೆಯ ಪೊಲೀಸ್ ನಾಯಿಗೆ ಹಣ ಕೊಟ್ಟು ಬರುತ್ತಿದ್ದ ಎಂದಾಯಿತು.

ಬಜೆಟ್ಟಿನಲ್ಲಿ ಇಲ್ಲದ ನಾಯಿ

ಅಷ್ಟು ಶ್ರೀಮಂತ ದೇಶದಲ್ಲಿ ಪೊಲೀಸ್ ನಾಯಿ ದಾನದ ಹಣಕ್ಕೆ ಕಾಯಬೇಕೇಕೆ ಎಂದು ಓದುಗರು ಕೇಳಬಹುದು. ಉತ್ತರ ಆ ದೇಶದ ಆಡಳಿತದ ಸ್ವರೂಪದಲ್ಲಿದೆ. ನಮ್ಮಲ್ಲಿ ಪೊಲೀಸ್ ಎಂದರೆ ರಾಜ್ಯ ಸರ್ಕಾರದ ಇಲಾಖೆ; ಶ್ವಾನದಳದ ಖರ್ಚೂ ಅದರದ್ದೇ. ಅಮೆರಿಕದಲ್ಲಿ ಪೊಲೀಸ್ ಸಂಸ್ಥೆಗಳ ಸಂಖ್ಯೆಯೇ ಸುಮಾರು 18,000. ಅನೇಕ ಪಟ್ಟಣಗಳಿಗೆ ತಮ್ಮದೇ ಪೊಲೀಸ್, ಬಹುತೇಕ ಕೌಂಟಿಗಳಿಗೆ ತಮ್ಮದೇ ಷೆರೀಫ್. ಹತ್ತಿಪ್ಪತ್ತು ಜನ ಮಾತ್ರ ಇರುವ ಇಲಾಖೆಗಳೂ ಸಾಕಷ್ಟಿವೆ. ಅವು ನಡೆಯುವುದು ಊರಿನ ತೆರಿಗೆಯಿಂದ. ಸಂಬಳ, ವಾಹನ, ಪೆಟ್ರೋಲು ಇವುಗಳಿಗೆ ಕೊಟ್ಟು ಮುಗಿಯುವಷ್ಟರಲ್ಲಿ ನಾಯಿಯ ಪಾಲಿಗೆ ಏನೂ ಉಳಿಯುವುದಿಲ್ಲ. ಹೀಗಾಗಿ ಎಷ್ಟೋ ಊರುಗಳಲ್ಲಿ ನಾಯಿ ಬರುವುದೇ ನಾಗರಿಕರ ವಂತಿಗೆಯಿಂದ. ಶಾಲೆಯ ಮಕ್ಕಳು ತಿಂಡಿ ಮಾರಿ ಹಣ ಕೂಡಿಸಿಕೊಡುವುದೂ ಉಂಟು.

ನಾಯಿಯಾದರೂ ಅಗ್ಗವೆ? ಅಲ್ಲ. ಅಮೆರಿಕದ ಪೊಲೀಸ್ ನಾಯಿಗಳಲ್ಲಿ ದೊಡ್ಡ ಪಾಲು ಯೂರೋಪಿನಲ್ಲಿ ಹುಟ್ಟಿದವು. ಜರ್ಮನ್ ಷೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ ತಳಿಗಳನ್ನು ಕೆಲಸಕ್ಕಾಗಿಯೇ ಬೆಳೆಸುವ ಪರಂಪರೆ ಅಲ್ಲಿ ಹಳೆಯದು. ಬೆಲ್ಜಿಯಂನ ಗೆಂಟ್ ನಗರದಲ್ಲಿ 1899ರಲ್ಲೇ ರಾತ್ರಿ ಗಸ್ತಿನ ಪೊಲೀಸರಿಗೆ ನಾಯಿಗಳನ್ನು ಜೊತೆ ಮಾಡಿದ್ದರು. 1907ರಲ್ಲಿ ನ್ಯೂಯಾರ್ಕ್ ಪೊಲೀಸರು ಅದನ್ನು ನೋಡಿ ಕಲಿತು ತಮ್ಮಲ್ಲೂ ಆರಂಭಿಸಿದರು. ಇಂದಿಗೂ ಎಷ್ಟೋ ಅಮೆರಿಕನ್ ಪೊಲೀಸ್ ನಾಯಿಗಳು ಆಜ್ಞೆ ಕೇಳುವುದು ಜರ್ಮನ್ ಅಥವಾ ಡಚ್ ಭಾಷೆಯಲ್ಲಿ. ನಾಯಿ ಅಲ್ಲಿ ಕಲಿತು ಬಂದ ಭಾಷೆಯನ್ನು ಪೊಲೀಸಿನವನೇ ಕಲಿಯುತ್ತಾನೆ. ನಾಯಿಯ ಬೆಲೆ, ವಾರಗಟ್ಟಲೆ ತರಬೇತಿ ಎಲ್ಲ ಸೇರಿದರೆ ಸಾವಿರಾರು ಡಾಲರ್ ಖರ್ಚು. ಕೆಲಸ ಮಾಡುವ ಕಾಲವೋ ಹೆಚ್ಚೆಂದರೆ ಏಳೆಂಟು ವರ್ಷ.

ಇಷ್ಟು ಖರ್ಚು ಏತಕ್ಕೆಂದರೆ ಮೂಗಿಗೆ. ವಾಸನೆ ಗ್ರಹಿಸುವ ಕೋಶಗಳು ಮನುಷ್ಯನಲ್ಲಿ ಸುಮಾರು 50-60 ಲಕ್ಷ ಇದ್ದರೆ ನಾಯಿಯಲ್ಲಿ 20-30 ಕೋಟಿ ಎಂಬುದು ಸಾಮಾನ್ಯ ಅಂದಾಜು. ಹುದುಗಿಸಿಟ್ಟ ಸಿಡಿಮದ್ದು, ಮಾದಕವಸ್ತು, ಕಾಡಿನಲ್ಲಿ ದಾರಿ ತಪ್ಪಿದ ಮಗು, ಓಡಿಹೋದ ಕಳ್ಳ, ಎಲ್ಲವನ್ನೂ ಅದು ವಾಸನೆಯಿಂದಲೇ ಹುಡುಕುತ್ತದೆ. ಅಗ್ನಿಶಾಮಕ ಇಲಾಖೆಯ ನಾಯಿಯ ಕೆಲಸ ಇನ್ನೂ ಸೂಕ್ಷ್ಮ. ಸುಟ್ಟು ಬೂದಿಯಾದ ಮನೆಯಲ್ಲಿ ಅಡ್ಡಾಡಿ, ಯಾರಾದರೂ ಪೆಟ್ರೋಲು ಸುರಿದು ಬೆಂಕಿ ಇಟ್ಟಿದ್ದರೆ ಆ ಜಾಗವನ್ನು ಅದು ತೋರಿಸಿಕೊಡುತ್ತದೆ.

ಹಣ ಎಲ್ಲಿಗೆ ಹೋಗುತ್ತದೆ

ಇಂಥ ದತ್ತಿಗಳಿಂದ ಬರುವ ಹಣದಿಂದ ಇಲಾಖೆಗಳು ಹೊಸ ನಾಯಿ ಕೊಳ್ಳುತ್ತವೆ, ತರಬೇತಿ ಕೊಡಿಸುತ್ತವೆ, ಸಲಕರಣೆ ತರಿಸುತ್ತವೆ. ಸಲಕರಣೆಗಳಲ್ಲಿ ಮುಖ್ಯವಾದದ್ದು ಗುಂಡು ಮತ್ತು ಚಾಕುವಿನಿಂದ ಕಾಪಾಡುವ ಕವಚ. ಎದೆ, ಬೆನ್ನು, ಪಕ್ಕೆಗಳನ್ನು ಮುಚ್ಚುವ ಇದರ ತೂಕ ಎರಡು ಕಿಲೋದಷ್ಟು. ಒಂದರ ಬೆಲೆ ಸಾವಿರ ಡಾಲರ್ ದಾಟುವುದುಂಟು. ಹಾಗೆಂದು ದಿನವಿಡೀ ತೊಡಿಸುವಂತಿಲ್ಲ. ನಾಯಿ ನಮ್ಮಂತೆ ಮೈಯಿಂದ ಬೆವರಿ ತಣ್ಣಗಾಗುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಶಾಖ ಕಳೆದುಕೊಳ್ಳಬೇಕು. ಆದ್ದರಿಂದ ಅಪಾಯ ಕಂಡಾಗ ಮಾತ್ರ ಕವಚ.

ಶಾಖದ ಈ ಕಷ್ಟವೇ ಇನ್ನೊಂದು ಉಪಕರಣಕ್ಕೆ ಕಾರಣ. ಪೊಲೀಸ್ ನಾಯಿಗಳು ಸಾಯುವುದು ಅಪರಾಧಿಗಳ ಕೈಯಲ್ಲಿ ಮಾತ್ರವೆಂದು ತಿಳಿಯಬಾರದು. ನಿಲ್ಲಿಸಿದ ಕಾರಿನೊಳಗೆ ಕಾವೇರಿ ಸತ್ತವೂ ಬಹಳ. ಕಾರಿನ ಒಳಗಿನ ತಾಪ ಮಿತಿ ಮೀರಿದರೆ ತಾನಾಗಿ ಕಿಟಕಿ ಇಳಿಸಿ, ಫ್ಯಾನು ತಿರುಗಿಸಿ, ಸೈರನ್ ಕೂಗಿಸಿ ಒಡೆಯನಿಗೆ ಸೂಚನೆ ಕಳಿಸುವ ವ್ಯವಸ್ಥೆ ಈಗ ಬಂದಿದೆ. ಪೊಲೀಸಿನವನ ಮೇಲೆ ಯಾರಾದರೂ ಎರಗಿದರೆ ಆತ ಸೊಂಟದಲ್ಲಿನ ಗುಂಡಿ ಒತ್ತಿದ ಕೂಡಲೇ ಕಾರಿನ ಬಾಗಿಲು ತೆರೆದು ನಾಯಿ ಧಾವಿಸಿ ಬರುವ ಏರ್ಪಾಡೂ ಉಂಟು. ಇವು ಯಾವುವೂ ಕಾರಿನ ಜೊತೆಗೆ ಬಿಟ್ಟಿ ಬರುವುದಿಲ್ಲ.

ಅಮೆರಿಕದಲ್ಲಿ ಪೊಲೀಸ್ ನಾಯಿ ಸಾಮಾನ್ಯವಾಗಿ ತನ್ನ ಪೊಲೀಸಿನವನ ಮನೆಯಲ್ಲೇ ಇರುತ್ತದೆ. ನಿವೃತ್ತಿಯ ನಂತರವೂ ಹೆಚ್ಚಾಗಿ ಅಲ್ಲೇ. ಆದರೆ ನಿವೃತ್ತ ನಾಯಿಗೆ ಪಿಂಚಣಿ ಇಲ್ಲ. ಸವೆದ ಕೀಲು, ಬಿದ್ದ ಹಲ್ಲುಗಳ ಚಿಕಿತ್ಸೆ ಅನೇಕ ಕಡೆ ಪೊಲೀಸಿನವನ ಸ್ವಂತ ಜೇಬಿನ ಮೇಲೆ ಬೀಳುತ್ತದೆ.

ಪ್ರೀತಿಯ ಇನ್ನೊಂದು ಮುಖ

ಈ ಕಥೆಯನ್ನು ಬರೀ ಸಿಹಿಯಾಗಿ ಹೇಳಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತೆ. 1963ರ ಮೇ ತಿಂಗಳಲ್ಲಿ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಮಾನ ಹಕ್ಕು ಕೇಳಿ ಮೆರವಣಿಗೆ ಹೊರಟ ಕಪ್ಪು ಜನಾಂಗದ ಯುವಕರ ಮೇಲೆ ಪೊಲೀಸರು ನಾಯಿ ಬಿಟ್ಟರು. ಆ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಅದು ಮುಗಿದ ಹಳೆಯ ಸಂಗತಿಯೂ ಅಲ್ಲ. ಫರ್ಗ್ಯುಸನ್ ಪಟ್ಟಣದ ಪೊಲೀಸರ ಬಗ್ಗೆ ಅಮೆರಿಕದ ನ್ಯಾಯಾಂಗ ಇಲಾಖೆ 2015ರಲ್ಲಿ ಕೊಟ್ಟ ವರದಿಯ ಪ್ರಕಾರ, ನಾಯಿ ಕಚ್ಚಿದ ಪ್ರಕರಣಗಳಲ್ಲಿ ಜನಾಂಗ ದಾಖಲಾಗಿದ್ದ ಪ್ರತಿಯೊಂದರಲ್ಲೂ ಕಚ್ಚಿಸಿಕೊಂಡವರು ಕಪ್ಪು ಜನರೇ. ನಾಯಿಗೆ ಬಣ್ಣದ ಭೇದ ತಿಳಿಯದು. ಅದನ್ನು ಬಿಡುವ ಕೈಗೆ ತಿಳಿದಿರುತ್ತದೆ. ದತ್ತಿಯ ಹಣದಿಂದ ಬಂದ ನಾಯಿಯನ್ನು ಯಾರ ಮೇಲೆ, ಯಾವಾಗ ಬಿಡಬೇಕೆಂಬ ನಿಯಮವನ್ನು ದಾನಿ ಬರೆಯಲಾರ. ಅದು ಊರಿನ ಸರ್ಕಾರದ ಹೊಣೆ. ಖರ್ಚನ್ನು ದಾನಿಗೆ ಬಿಟ್ಟ ಸರ್ಕಾರ ಹೊಣೆಯನ್ನೂ ಮರೆತರೆ ಕಷ್ಟ.

ದಾನಿಯ ಬದುಕೂ ಕಳಂಕದ ಮಾತಿನಿಂದ ಹೊರತಾಗಿರಲಿಲ್ಲ. 2010ರಲ್ಲಿ ಬೆನ್ ಮೇಲೆ ಮಹಿಳೆಯೊಬ್ಬಳು ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಿದಳು. ಆತ ತಪ್ಪು ಮಾಡಿಲ್ಲವೆಂದ. ಸರ್ಕಾರಿ ವಕೀಲರು ಮೊಕದ್ದಮೆ ಹೂಡಲಿಲ್ಲ. ಆದರೂ ಲೀಗ್ ಆತನ ನಡತೆಯನ್ನು ಒಪ್ಪದೆ ಆರು ಪಂದ್ಯಗಳ ನಿಷೇಧ ಹೇರಿತು, ಆಮೇಲೆ ಅದನ್ನು ನಾಲ್ಕಕ್ಕೆ ಇಳಿಸಿತು. ದಾನವು ದಾನಿಯ ಎಲ್ಲ ಲೆಕ್ಕಗಳನ್ನೂ ಚುಕ್ತಾ ಮಾಡುವುದಿಲ್ಲ. ದಾನಿಯ ಲೆಕ್ಕ ಬೇರೆ, ಆ ಹಣ ಮಾಡಿದ ಕೆಲಸದ ಲೆಕ್ಕ ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ಬರೆದಿಡುವುದು ಒಳ್ಳೆಯದು.

ನಾಯಿಯ ಋಣ ತೀರಿಸಲು ದತ್ತಿ ಬಿಡುವುದು ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಂಡವರಿರಬಹುದು. ಯುದ್ಧದಲ್ಲಿ ಮೆರೆದ ಮಣಲೆರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡವನಿಗೆ ಪಾಪ ತಟ್ಟುವುದೆಂದು ಬರೆಸಿದರು.

ಕಾಳಿಗೆ ಕಲ್ಲು ಸಿಕ್ಕಿತು, ರಾಕೊನ ಹೆಸರಿನಲ್ಲಿ ಕಾನೂನು ಬಂತು. ಎರಡೂ ದೊಡ್ಡ ಗೌರವಗಳೇ, ಆದರೆ ಎರಡೂ ಸತ್ತ ಮೇಲೆ ಬಂದವು. ಫುಟ್‌ಬಾಲ್ ಆಟಗಾರನ ಹಣಕ್ಕೂ ಆರಂಭದಲ್ಲಿ ಸತ್ತ ನಾಯಿಯೇ ಕಾರಣ. ಆದರೆ ಅದು ಅಲ್ಲಿಗೆ ನಿಲ್ಲದೆ, ನಾಳೆ ಕೆಲಸಕ್ಕೆ ಹೊರಡುವ ನಾಯಿಯ ಮೈಗೆ ಕವಚವಾಗಿ, ಕಾರಿಗೆ ತಂಪಾಗಿ ಒದಗಿತು. ಆ ಕೆಲಸವನ್ನು ಒಬ್ಬ ಆಟಗಾರನ ಕೈಗೆ ಬಿಡದೆ ತನ್ನ ಆಯವ್ಯಯದಲ್ಲೇ ಬರೆದುಕೊಂಡ ಊರು, ರಾಕೊನಂಥ ನಾಯಿಗೆ ಬದುಕಿರುವಾಗಲೇ ಮರ್ಯಾದೆ ಸಲ್ಲಿಸಿದಂತೆ.