ಕೋವಿಯ ಜೊತೆ ಕತ್ತಿ: ಕೊಡವ ಬಂಧುಗಳಿಂದ ಕಲಿತ ಪಾಠ

ಮಟ್ಟಾಂಚೇರಿ: ಕಳೆದ ವರ್ಷದ ನಮ್ಮ ರಾಜ್ಯೋತ್ಸವ ಸಮಾರಂಭದಲ್ಲಿ ಎಲ್ಲರ ಗಮನ ಸೆಳೆದವನು ಒಬ್ಬ ಕೊಡವ ಯುವಕ. ಕಪ್ಪು ಕುಪ್ಯ, ಕೆಂಪು ಚೇಲೆ, ಸೊಂಟದಲ್ಲಿ ಬೆಳ್ಳಿ ಹಿಡಿಯ ಪೀಚೆಕತ್ತಿ. ಕಾರ್ಯಕ್ರಮ ಮುಗಿದು ಅದೇ ಉಡುಪಿನಲ್ಲಿ ಬಸ್ಸಿಗೆ ಹೊರಟವನನ್ನು ತಂದೆ ತಡೆದರು. "ಕತ್ತಿ ತೆಗೆದು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಡು" ಎಂದರು. ಮಗನ ಮುಖ ಬಾಡಿತು. ಕೋವಿಗೇ ಲೈಸೆನ್ಸ್ ವಿನಾಯಿತಿ ಇರುವವರಿಗೆ ಕತ್ತಿಯ ಅಂಜಿಕೆ ಏಕೆ ಎಂದು ನಾವೂ ಕೇಳಿದೆವು.

ಹಿರಿಯರು ನಿಧಾನವಾಗಿ ವಿವರಿಸಿದರು. ಕೊಡವರಿಗೆ ಕೋವಿ 'ತೋಕ್'. ಇಲ್ಲಿನ ಮಲಯಾಳಿಗಳ ಬಾಯಲ್ಲೂ ಹೆಚ್ಚುಕಡಿಮೆ ಅದೇ ಪದ. ಹಿಂದಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದುಗುಂಡು ತುಂಬಬೇಕಿತ್ತು. ಒಂದು ಗುಂಡು ಹಾರಿಸಿದ ಮೇಲೆ ಶತ್ರುವೋ ಕಾಡುಹಂದಿಯೋ ಮೈಮೇಲೆ ಬಂದರೆ ಕೈಗೆ ದಿಕ್ಕು ಕತ್ತಿಯೇ. ಬೆನ್ನ ಹಿಂದೆ ತೋಡಂಗ್‌ಗೆ ಸಿಕ್ಕಿಸುವ ಅಗಲ ಅಲಗಿನ ಒಡಿಕತ್ತಿ ಕಾಳಗದ್ದು. ಮುಂದೆ ಚೇಲೆಯಲ್ಲಿ ಸಿಕ್ಕಿಸುವ ಪೀಚೆಕತ್ತಿ ಇಂದು ಮದುವೆ, ಹಬ್ಬಗಳ ಗೌರವದ ಗುರುತು.

ಈ ಆಯುಧಗಳಿಗೂ ಕಟ್ಟುಪಾಡು ಇದೆ. ಸೆಪ್ಟೆಂಬರ್ 3ರ ಸುಮಾರಿಗೆ, ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ತೋಕ್ ಪೂ ಮುಡಿಸಿ, ದೀಪದ ಮುಂದೆ ಪೂಜಿಸುತ್ತಾರೆ.

ಬ್ರಿಟಿಷರು 1861ರಲ್ಲಿ ಕೊಟ್ಟ ವಿನಾಯಿತಿಯನ್ನು ಸ್ವತಂತ್ರ ಭಾರತವೂ ಮುಂದುವರಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಇದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಇನ್ನು ಕತ್ತಿಯ ಮಾತು: 2016ರ ಆಯುಧ ನಿಯಮಗಳು ಕಠಾರಿಗಳನ್ನೂ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿಗಳನ್ನೂ ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ಮನೆಬಳಕೆ, ಬೇಸಾಯದಂಥ ಕೆಲಸಗಳ ಕತ್ತಿಗಳಿಗೆ ರಿಯಾಯಿತಿ ಇದೆ.

"ವಿನಾಯಿತಿ ನಂಬಿಕೆಯ ಮೇಲೆ ಕೊಟ್ಟದ್ದು. ಒಬ್ಬ ತಪ್ಪಿದರೆ ಇಡೀ ಜನಾಂಗಕ್ಕೆ ಕೆಟ್ಟ ಹೆಸರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಪೀಚೆಕತ್ತಿ ಗೊತ್ತಿಲ್ಲ, ಕತ್ತಿ ಮಾತ್ರ ಗೊತ್ತು" ಎಂದರು ಹಿರಿಯರು.

ನಮ್ಮ ಬ್ಯಾಂಕಿನ ಗನ್‌ಮ್ಯಾನ್ ನೆನಪಾದರು. ನಿವೃತ್ತ ಸೈನಿಕರು, ದಿನವೂ ಸಂಜೆ ತೋಟಾ ಎಣಿಸಿ ಒಪ್ಪಿಸಿಯೇ ಮನೆಗೆ ಹೋಗುವವರು. ಆಯುಧ ಹಿಡಿದವನಿಗೆ ಧೈರ್ಯಕ್ಕಿಂತ ಮೊದಲು ಬೇಕಾದದ್ದು ಈ ಶಿಸ್ತು.

ಯುವಕ ಕತ್ತಿಯನ್ನು ಚೇಲೆಯಲ್ಲೇ ಸುತ್ತಿ ತಂದೆಯ ಕೈಗಿತ್ತ. ಮುಂದಿನ ರಾಜ್ಯೋತ್ಸವಕ್ಕೂ ಅವನು ಅದೇ ಉಡುಪಿನಲ್ಲಿ ಬರಲಿ ಎಂಬುದು ನಮ್ಮೆಲ್ಲರ ಆಸೆ.