ಹವ್ಯಾಸಿ ರೇಡಿಯೋ ಕೇಂದ್ರ: ಉಪಕರಣಗಳ ನಿರ್ವಹಣೆ ಹಾಗೂ ಸಿಡಿಲಿನಿಂದ ರಕ್ಷಣೆ

ಹವ್ಯಾಸಿ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ಕೇಂದ್ರವನ್ನು ಸ್ಥಾಪಿಸಿ ನಡೆಸಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಅನುಮತಿ ಅಗತ್ಯ. 2004ರ ಡಿಸೆಂಬರ್ 26ರ ಸುನಾಮಿಯಿಂದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ದೂರವಾಣಿ ಸಂಪರ್ಕವು ಕಡಿದುಹೋದಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ (ಇಂದಿನ ಶ್ರೀ ವಿಜಯಪುರಂ) ಹ್ಯಾಮ್‌ಗಳು ಅಲ್ಲಿಯ ಸಂದೇಶಗಳನ್ನು ಮುಖ್ಯ ಭೂಭಾಗಕ್ಕೆ ತಲುಪಿಸಿದರು. ಇಂತಹ ಸಂದರ್ಭದಲ್ಲಿ ಉಪಯೋಗಕ್ಕೆ ಬರಬೇಕಾದರೆ ಕೇಂದ್ರವು ಸದಾ ಸುಸ್ಥಿತಿಯಲ್ಲಿರಬೇಕು. ಅರ್ಜಿದಾರರ ಹಾಗೂ ಹೊಸದಾಗಿ ಕೇಂದ್ರ ಆರಂಭಿಸಿದವರ ಮಾಹಿತಿಗಾಗಿ ಮುಖ್ಯ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

ನಿಯತ ನಿರ್ವಹಣೆ

1. ಬಹುತೇಕ ಟ್ರಾನ್ಸೀವರ್‌ಗಳಿಗೆ 13.8 ವೋಲ್ಟ್ ಡಿ.ಸಿ. ವಿದ್ಯುತ್ ಬೇಕಾಗುತ್ತದೆ. ಪವರ್ ಸಪ್ಲೈ ನೀಡುವ ವೋಲ್ಟೇಜನ್ನು ಆಗಾಗ್ಗೆ ಅಳೆಯಬೇಕು. ಫ್ಯಾನ್ ಮತ್ತು ಗಾಳಿಕಿಂಡಿಗಳ ಧೂಳನ್ನು ತೆಗೆಯಬೇಕು.

2. ಹೊರಗಿರುವ ಕೇಬಲ್ ಕನೆಕ್ಟರ್‌ಗಳಿಗೆ ನೀರು ಇಳಿಯದಂತೆ ಟೇಪ್ ಸುತ್ತಬೇಕು. ಆಂಟೆನಾ ಸ್ಥಾಪಿಸಿದ ದಿನದ ಎಸ್.ಡಬ್ಲ್ಯೂ.ಆರ್. ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಅದು ಏರಿದಲ್ಲಿ ಪ್ರಸಾರ ನಿಲ್ಲಿಸಿ, ಕೇಬಲ್ ಮತ್ತು ಜೋಡಣೆಗಳನ್ನು ಪರೀಕ್ಷಿಸಬೇಕು.

3. ಲೆಡ್-ಆಸಿಡ್ ಬ್ಯಾಟರಿಯನ್ನು ಗಾಳಿಯಾಡುವ ಸ್ಥಳದಲ್ಲಿಟ್ಟು, ಸದಾ ಚಾರ್ಜ್ ಆಗಿರುವಂತೆ ನೋಡಿಕೊಳ್ಳಬೇಕು.

ಸಿಡಿಲಿನಿಂದಾಗುವ ಹಾನಿ

ಸಿಡಿಲು ಆಂಟೆನಾಕ್ಕೇ ಬಡಿಯಬೇಕೆಂದಿಲ್ಲ. ಸಮೀಪದಲ್ಲಿ ಬಡಿದರೂ ಉದ್ದನೆಯ ತಂತಿಗಳಲ್ಲಿ ಪ್ರೇರಿತವಾಗುವ ವೋಲ್ಟೇಜಿನಿಂದ ಉಪಕರಣಗಳು ಕೆಡುತ್ತವೆ. ಆಂಟೆನಾ ಕೇಬಲ್ ಮಾತ್ರವಲ್ಲದೆ ವಿದ್ಯುತ್, ದೂರವಾಣಿ ಮತ್ತು ಇಂಟರ್‌ನೆಟ್ ತಂತಿಗಳ ಮೂಲಕವೂ ಇದು ಮನೆಯೊಳಗೆ ಪ್ರವೇಶಿಸುತ್ತದೆ.

ಭೂಸಂಪರ್ಕ (ಅರ್ಥಿಂಗ್)

ಆಂಟೆನಾ ಕಂಬ, ಕೇಬಲ್ ಮನೆಯೊಳಗೆ ಬರುವಲ್ಲಿ ಅಳವಡಿಸುವ ಅರೆಸ್ಟರ್ ಹಾಗೂ ಉಪಕರಣಗಳನ್ನು ಭೂಸಂಪರ್ಕಕ್ಕೆ ಜೋಡಿಸತಕ್ಕದ್ದು. ಆಂಟೆನಾದ ಅರ್ಥಿಂಗ್ ಮತ್ತು ಮನೆಯ ವಿದ್ಯುತ್ ಅರ್ಥಿಂಗ್ ಪ್ರತ್ಯೇಕವಾಗಿದ್ದರೆ, ಸಿಡಿಲಿನ ವೇಳೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸವು ಉಪಕರಣದ ಮೂಲಕವೇ ಹರಿಯುತ್ತದೆ. ಆದುದರಿಂದ ಎರಡನ್ನೂ ಪರಸ್ಪರ ಜೋಡಿಸಬೇಕು; ಈ ಕೆಲಸವನ್ನು ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು. ಭೂಸಂಪರ್ಕದ ತಂತಿ ಅಥವಾ ತಾಮ್ರದ ಪಟ್ಟಿಯು ತೀಕ್ಷ್ಣ ತಿರುವುಗಳಿಲ್ಲದೆ, ಆದಷ್ಟು ಗಿಡ್ಡವಾಗಿರಬೇಕು.

ಬೇಸಿಗೆಯಲ್ಲಿ ಮಣ್ಣು ಒಣಗಿದಂತೆ ಭೂಸಂಪರ್ಕದ ರೋಧ ಹೆಚ್ಚುತ್ತದೆ. ಕರ್ನಾಟಕದಲ್ಲಿ ಗುಡುಗು ಸಹಿತ ಮುಂಗಾರು ಪೂರ್ವ ಮಳೆ ಬರುವ ಏಪ್ರಿಲ್-ಮೇ ತಿಂಗಳುಗಳೂ ಇವೇ ಆಗಿವೆ. ಆದ್ದರಿಂದ ಅರ್ಥಿಂಗ್ ಗುಂಡಿಗೆ ನೀರುಣಿಸಿ, ಮಳೆಗೆ ಮುನ್ನವೇ ರೋಧವನ್ನು ಅಳೆಯಿಸುವುದು ಸೂಕ್ತ.

ಗುಡುಗಿನ ವೇಳೆ ಪಾಲಿಸಬೇಕಾದ ಕ್ರಮ

1. ಕೇಂದ್ರವನ್ನು ಬಳಸದಿರುವಾಗ ಆಂಟೆನಾ ಕೇಬಲ್ ಮತ್ತು ವಿದ್ಯುತ್ ಪ್ಲಗ್‌ಗಳನ್ನು ಕಳಚಿಡಬೇಕು. ಸ್ವಿಚ್ ಆರಿಸುವುದಷ್ಟೇ ಸಾಲದು.

2. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆಯೆಂದು ತಿಳಿಯಬೇಕು. ಆ ನಂತರ ಕೇಬಲ್ ಕಳಚಲು ಹೋಗಬಾರದು, ಉಪಕರಣಗಳಿಂದ ದೂರವಿರಬೇಕು.

3. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಕಂಬ ಅಥವಾ ಮಾಳಿಗೆಯನ್ನು ಏರಬಾರದು.

4. ತುರ್ತು ಸಂದೇಶಗಳಿಗಾಗಿ ಹೊರಗಿನ ಆಂಟೆನಾಕ್ಕೆ ಜೋಡಿಸದ, ಬ್ಯಾಟರಿಚಾಲಿತ ಕೈ ರೇಡಿಯೋವನ್ನು ಮನೆಯೊಳಗೆ ಸಿದ್ಧವಾಗಿಟ್ಟುಕೊಳ್ಳಬಹುದು.

ವಿಶೇಷ ಸೂಚನೆ: ಯಾವುದೇ ಅರೆಸ್ಟರ್ ನೇರ ಸಿಡಿಲಿನಿಂದ ಸಂಪೂರ್ಣ ರಕ್ಷಣೆ ನೀಡಲಾರದು. ಉಪಕರಣವನ್ನು ಮತ್ತೆ ಕೊಳ್ಳಬಹುದು. ಅದನ್ನು ಉಳಿಸಲು ಹೋಗಿ ಜೀವಕ್ಕೆ ಅಪಾಯ ತಂದುಕೊಳ್ಳಬಾರದು.